ಐದು ಲೀಟರ್ ಪೆಟ್ರೋಲಿಗೆ ಹತ್ತು ಪೈಸೆ

ಇಂದು ಬೆಳಿಗ್ಗೆ ಪೆಟ್ರೋಲ್ ಬಂಕಿನ ಸಾಲಿನಲ್ಲಿ ನನ್ನ ರಕ್ತದೊತ್ತಡ ಏರಿದ್ದಕ್ಕೆ ಪೆಟ್ರೋಲ್ ದರ ಕಾರಣವಲ್ಲ. ಮುಂದಿದ್ದ ಸ್ಕೂಟರಿನವನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಕೇಂದ್ರ ಎಷ್ಟು ಅನುದಾನ ಕೊಟ್ಟರೂ ನಮ್ಮ ರಾಜ್ಯದವರಿಗೆ ಸಾಲದು. ಪೆಟ್ರೋಲ್ ಸುಂಕದಲ್ಲೂ ನೂರಕ್ಕೆ ನಲವತ್ತೊಂದು ರಾಜ್ಯಗಳಿಗೇ ಹೋಗುತ್ತದೆ." ಹೆಲ್ಮೆಟ್ ತೆಗೆದಾಗ ನೋಡಿದರೆ ನನ್ನದೇ ಹಳೆಯ ವಿದ್ಯಾರ್ಥಿ. ಎರಡನೇ ಬೆಂಚಿನವನು, ಅಕೌಂಟೆನ್ಸಿಯಲ್ಲಿ ತೊಂಬತ್ತು ದಾಟಿದವನು. "ಸರ್, ಚೆನ್ನಾಗಿದ್ದೀರಾ?" ಎಂದ. ಇರಲು ಬಿಟ್ಟರೆ ತಾನೇ!

ಹಿಂದೆ ಆಟೋದವರು ಹಾರ್ನ್ ಹೊಡೆಯುತ್ತಿದ್ದರು, ಅಲ್ಲಿ ಪಾಠ ಮಾಡಲು ಆಗಲಿಲ್ಲ. ನಿವೃತ್ತ ಮೇಷ್ಟ್ರಿಗೆ ಫೇಸ್‌ಬುಕ್ಕೇ ಕರಿಹಲಗೆ.

2025ರ ಏಪ್ರಿಲ್‌ನಲ್ಲಿ ಎರಡು ರೂಪಾಯಿ ಏರಿಸಿದ ಬಳಿಕ ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರದ ಸುಂಕ 21 ರೂಪಾಯಿ 90 ಪೈಸೆ ಆಯಿತು. ಅದರೊಳಗೆ 'ಮೂಲ ಅಬಕಾರಿ ಸುಂಕ' ಎಂಬ ಬಡಪಾಯಿ ಇದ್ದದ್ದು 1 ರೂಪಾಯಿ 40 ಪೈಸೆ. ಉಳಿದ ಇಪ್ಪತ್ತೂವರೆ ರೂಪಾಯಿ ವಿಶೇಷ ಹೆಚ್ಚುವರಿ ಸುಂಕ (ಇದು ಸರ್ಚಾರ್ಜ್, ಅಂದರೆ ಮೇಲ್ತೆರಿಗೆ), ರಸ್ತೆ ಸೆಸ್, ಕೃಷಿ ಸೆಸ್ (ಸೆಸ್ ಅಂದರೆ ಒಂದು ಉದ್ದೇಶದ ಹೆಸರಿನಲ್ಲಿ ಹಾಕುವ ತೆರಿಗೆ). ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದದ್ದು ಆ 1.40 ಮಾತ್ರ. ಅದರ ಶೇ 41 ಅಂದರೆ 57 ಪೈಸೆ, ಅದೂ ಎಲ್ಲ ರಾಜ್ಯಗಳಿಗೂ ಸೇರಿ. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ 15ನೆಯದು ಕರ್ನಾಟಕಕ್ಕೆ ಬರೆದಿಟ್ಟ ಪಾಲು ಶೇ 3.647. ಗುಣಿಸಿ ನೋಡಿ. ಎರಡು ಪೈಸೆ.

ನಾನು ಮೂರು ಸಲ ಗುಣಿಸಿದೆ. ಎರಡೇ ಪೈಸೆ. ಐದು ಲೀಟರ್ ಹಾಕಿಸಿದರೆ ಹತ್ತು. (25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ಮುಗಿದಿದೆ. ಆದ್ದರಿಂದ ನಮ್ಮ ಪಾಲನ್ನು ಕೈಗೆ ಕೊಡುತ್ತೇನೆಂದರೂ ಕೊಡಲು ಬರುವುದಿಲ್ಲ.)

14ನೇ ಹಣಕಾಸು ಆಯೋಗ ರಾಜ್ಯಗಳ ಪಾಲನ್ನು 32ರಿಂದ 42ಕ್ಕೆ ಏರಿಸಿದಾಗ ನಾವೆಲ್ಲ ಒಕ್ಕೂಟ ವ್ಯವಸ್ಥೆ ಗೆದ್ದಿತು ಎಂದು ಕುಣಿದೆವು. ಹೋಳಿಗೆಯಲ್ಲಿ ನಿಮಗೆ ಹೆಚ್ಚು ಪಾಲು ಎಂದು ಎಲೆ ಹಾಕಿ ಕೂರಿಸಿದ ಯಜಮಾನ, ಹೋಳಿಗೆಯನ್ನೆಲ್ಲ ಒಳಕೋಣೆಗೆ ಸಾಗಿಸಿ ಪಂಕ್ತಿಗೆ ಕೋಸಂಬರಿ ತಂದಂತಾಯಿತು. 2021ರ ಬಜೆಟ್ ನೆನಪಿದೆಯೇ? ಅಂದು ಪೆಟ್ರೋಲಿನ ಮೂಲ ಸುಂಕವನ್ನು 2.98ರಿಂದ 1.40ಕ್ಕೆ ಇಳಿಸಿದರು, ವಿಶೇಷ ಸುಂಕದಲ್ಲಿ ಒಂದು ರೂಪಾಯಿ ಕಡಿತ ಮಾಡಿದರು, ಎರಡೂವರೆ ರೂಪಾಯಿಯ ಕೃಷಿ ಸೆಸ್ ಹಾಕಿದರು. ಗ್ರಾಹಕರಿಗೆ ಹೊರೆಯಿಲ್ಲ ಎಂದರು, ನಿಜ. ಬಂಕಿನ ಬೋರ್ಡಿನಲ್ಲಿ ಅದರಿಂದ ಏನೂ ಬದಲಾಗಲಿಲ್ಲ. ಹಂಚಿಕೆಯ ಪಾತ್ರೆ ಮಾತ್ರ ಅರ್ಧಕ್ಕಿಂತ ಹೆಚ್ಚು ಖಾಲಿಯಾಯಿತು. ಕದ್ದರು ಎನ್ನುವಂತಿಲ್ಲ, ಸಂವಿಧಾನದ 270ನೇ ವಿಧಿಯೇ ಸೆಸ್ ಮತ್ತು ಸರ್ಚಾರ್ಜ್‌ಗಳನ್ನು ಹಂಚಿಕೆಯಿಂದ ಹೊರಗಿಟ್ಟಿದೆ. ಕಿಟಕಿಯಷ್ಟಿದ್ದದ್ದನ್ನು ಹೆಬ್ಬಾಗಿಲು ಮಾಡಿಕೊಂಡಿದ್ದಾರೆ, ಅಷ್ಟೇ.

ಈಗ ಕೆಳಗೆ ಒಬ್ಬರು ಬಂದು "ಬಡ ರಾಜ್ಯಗಳಿಗೆ ಕೊಡಬಾರದೇ, ಇಷ್ಟು ಸಣ್ಣತನವೇ?" ಎಂದು ಬರೆಯುತ್ತಾರೆ. ಕೊಡಿ ಸ್ವಾಮಿ, ಧಾರಾಳವಾಗಿ ಕೊಡಿ. ಆದರೆ ಅದೇ 57 ಪೈಸೆಯಲ್ಲಿ ಬಿಹಾರಕ್ಕೆ ಸಿಗುವುದೂ ಆರು ಪೈಸೆಯೊಳಗೇ. ಸೆಸ್ಸಿನ ಹಣದಲ್ಲಿ ಪಾಟ್ನಾಕ್ಕೂ ಹಕ್ಕಿಲ್ಲ, ಬೆಂಗಳೂರಿಗೂ ಇಲ್ಲ. ದಕ್ಷಿಣದವರೂ ಉತ್ತರದವರೂ ಕೋಸಂಬರಿಗಾಗಿ ಕಿತ್ತಾಡುತ್ತಿದ್ದೇವೆ, ಒಳಕೋಣೆಯ ಬಾಗಿಲು ಹಾಕಿದೆ. ಸೆಸ್ಸಿನಿಂದಲೇ ಹೆದ್ದಾರಿ ಆಗುತ್ತಿಲ್ಲವೇ ಎಂದರೆ, ಆಗುತ್ತಿದೆ. ಎಲ್ಲಿ, ಯಾವಾಗ, ಎಷ್ಟು ಎಂದು ತೀರ್ಮಾನಿಸುವವರು ಯಾರು ಎಂಬುದಷ್ಟೇ ನನ್ನ ತಕರಾರು.

ನಮ್ಮ ರಾಜ್ಯದವರು ಸಾಧುಗಳೇನಲ್ಲ. 2024ರ ಜೂನ್‌ನಲ್ಲಿ ಪೆಟ್ರೋಲ್ ಮಾರಾಟ ತೆರಿಗೆಯನ್ನು ಶೇ 29.84ಕ್ಕೆ ಏರಿಸಿದವರು ಇವರೇ. ದೆಹಲಿಗೆ ಹೋಗಿ ಅಧಿಕಾರ ವಿಕೇಂದ್ರೀಕರಣದ ಭಾಷಣ ಮಾಡುವ ನಮ್ಮವರು, 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಬೆಂಗಳೂರು ಪಾಲಿಕೆಗೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ, ಯಾವ ಪಕ್ಷ ಬಂದರೂ. ಅತ್ತೆ ಮಾಡಿದ್ದನ್ನೇ ಸೊಸೆ ಮಾಡುವುದು. ಅದರ ಬಗ್ಗೆ ಇನ್ನೊಂದು ದಿನ ಬೈಯುತ್ತೇನೆ. ಅದು ಆ ಇಪ್ಪತ್ತೂವರೆ ರೂಪಾಯಿಗೆ ಉತ್ತರವಲ್ಲ.

ನನಗೆ ಮೈ ಉರಿಯುವುದು 'ಅನುದಾನ' ಎಂಬ ಪದಕ್ಕೆ. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, ಮರುವರ್ಷದ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಅದಕ್ಕೂ ಟೀವಿಯಲ್ಲಿ "ಕೇಂದ್ರದ ಕೊಡುಗೆ". ಕೇಳಿದ್ದು ಹೆಚ್ಚಿತ್ತು ಎಂದೇ ಇಟ್ಟುಕೊಳ್ಳೋಣ. ಬೆಳೆ ಒಣಗಿದ ರೈತನೂ ಬಂಕಿನಲ್ಲಿ ಡೀಸೆಲ್‌ಗೆ ಕೃಷಿ ಸೆಸ್ ಕಟ್ಟಿಯೇ ಬಂದಿದ್ದಾನಲ್ಲ, ಅದನ್ನು ಯಾರ ಕೊಡುಗೆ ಎನ್ನೋಣ?

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ತಪ್ಪೊಪ್ಪಿಗೆ. ತೆರಿಗೆ ಹಂಚಿಕೆಯ ಪಾಠವನ್ನು ವರ್ಷಾನುಗಟ್ಟಲೆ ಮಾಡಿದವನು ನಾನೇ. ನಲವತ್ತೆರಡು, ನಲವತ್ತೊಂದು ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ. "ಸೆಸ್ ಮತ್ತು ಸರ್ಚಾರ್ಜ್ ಇದರಲ್ಲಿ ಸೇರುವುದಿಲ್ಲ" ಎಂಬುದನ್ನು ಒಂದೇ ಸಾಲಿನಲ್ಲಿ, ಗಂಟೆ ಹೊಡೆಯುವ ಹೊತ್ತಿಗೆ ಉದುರಿಸಿ ಹೊರಟುಬಿಡುತ್ತಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಎರಡೇ ಅಂಕ ನೋಡಿ.

ಎರಡನೇ ಬೆಂಚಿನವನೇ, ನೀನು ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದೀಯ, ಗೊತ್ತು. ನಿನಗೆ ಬಂದ ಅಂಕಗಳಲ್ಲಿ ಆ ಎರಡನ್ನು ನಾನು ಕಣ್ಣುಮುಚ್ಚಿ ಕೊಟ್ಟಿದ್ದೆ. ವಾಪಸ್ ಕೊಡು.