ಕಳ್ಳನಿಗೆ ಡೈಸ್, ಮಾಂತ್ರಿಕನಿಗೆ ಮಾಫಿ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅನ್ನೋ ಪಾತ್ರ ವಹಿಸಿ ಆಡುವ ಟೇಬಲ್ ಆಟದಲ್ಲಿ ರೋಗ್, ಅಂದರೆ ಕಳ್ಳನ ಪಾತ್ರ ಆಡುವವರಿಗೆ ಒಂದಲ್ಲ ಒಂದು ದಿನ ಈ ಅನುಮಾನ ಬಂದೇ ಬರುತ್ತದೆ: ವಿಝಾರ್ಡ್, ಅಂದರೆ ಮಾಂತ್ರಿಕ, ಇರುವಾಗ ನಾನ್ಯಾಕೆ? ಬೀಗಕ್ಕೆ ನಾಕ್, ಅಡಗೋಕೆ ಇನ್ವಿಸಿಬಿಲಿಟಿ, ಗೋಡೆ ಹತ್ತೋಕೆ ಸ್ಪೈಡರ್ ಕ್ಲೈಂಬ್. ಮೂರೂ ಎರಡನೇ ಲೆವೆಲ್ ಸ್ಪೆಲ್ (ಮಂತ್ರ). ಸ್ಪೆಲ್‌ನ ಲೆವೆಲ್ ಬೇರೆ, ಪಾತ್ರದ ಲೆವೆಲ್ ಬೇರೆ. ವಿಝಾರ್ಡ್ ಮೂರನೇ ಲೆವೆಲ್‌ಗೆ ಬಂದರೆ ಸಾಕು, ಕೈಗೆ ಸಿಗುತ್ತವೆ.

ಹಾಗಾದರೆ ಮ್ಯಾಜಿಕ್ ಕಡಿಮೆ ಮಾಡಿ ಅನ್ನುತ್ತಾರೆ ಜನ. ನಾನು ಒಪ್ಪೋದಿಲ್ಲ. ಮಾಂತ್ರಿಕ ಅಂದ ಮೇಲೆ ಜೋರಾಗೇ ಇರಬೇಕು, ಅಲ್ವಾ? ನನ್ನ ತಕರಾರು ಬೇರೆ. ನಾಕ್ ಹಾಕಿದವನು "ಬಾಗಿಲು ತೆರೀತು" ಅಂತಾನೆ. ಕಳ್ಳ ಮಾತ್ರ ಇಪ್ಪತ್ತು ಮುಖದ ಡೈಸ್ ಉರುಳಿಸಿ, ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಮುಖ ನೋಡಬೇಕು.

ಇದು ಹಳೇ ಕಾಯಿಲೆ. 1975ರ ಗ್ರೇಹಾಕ್ ಅನ್ನೋ ಪೂರಕ ಪುಸ್ತಕದಲ್ಲಿ ಥೀಫ್ (ರೋಗ್‌ನ ಹಳೇ ಹೆಸರು) ಬಂದ. 1978ರ ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ ಒಂದನೇ ಲೆವೆಲ್ ಥೀಫ್‌ಗೆ ಬೀಗ ತೆಗೆಯಲು ಮೂಲ ಅವಕಾಶ ಶೇ. 25, ನೆರಳಲ್ಲಿ ಅಡಗಲು ಶೇ. 10. ಇವನನ್ನ ಕಳ್ಳ ಅಂತ ಕರೆಯೋದೇ ಮರ್ಯಾದೆ ಕೊಟ್ಟ ಹಾಗೆ! 3.5 ಆವೃತ್ತಿಗೆ ಬಂದರೆ ಇನ್ನೂ ವಿಚಿತ್ರ. ಹತ್ತನೇ ಲೆವೆಲ್ ರೋಗ್ ಹೈಡ್ (ಅಡಗುವ) ಸ್ಕಿಲ್‌ಗೆ ಹೆಚ್ಚೆಂದರೆ 13 ರ‍್ಯಾಂಕ್ ಹಾಕಬಹುದು, ಅಂದರೆ ಡೈಸ್ ಅಂಕಿಗೆ +13. ಇನ್ವಿಸಿಬಿಲಿಟಿ ಹಾಕಿಕೊಂಡು ಓಡಾಡುವವನಿಗೆ ಸುಮ್ನೆ +20, ನಿಂತಲ್ಲೇ ನಿಂತರೆ +40. ಜೊತೆಗೆ 4,500 ಚಿನ್ನದ ನಾಣ್ಯಕ್ಕೆ ನಾಕ್ ವ್ಯಾಂಡ್ (ಮಂತ್ರದಂಡ) ಸಿಗುತ್ತಿತ್ತು. ಅದರಲ್ಲಿ 50 ಬೀಗ ತೆಗೆಯಬಹುದಿತ್ತು.

2014ರ ಐದನೇ ಆವೃತ್ತಿ ನಾಕ್‌ಗೆ ಒಂದು ಒಳ್ಳೆ ಬಾಲ ಅಂಟಿಸಿತು. ಬಾಗಿಲು ತೆರೆಯುತ್ತದೆ, ಆದರೆ ಆ ಸದ್ದು 300 ಅಡಿ ದೂರಕ್ಕೂ ಕೇಳುತ್ತದೆ. ಮ್ಯಾಜಿಕ್‌ಗೆ ಬೆಲೆ ಇಡೋದು ಅಂದರೆ ಇದು. ತೊಂದರೆ ಏನಂದರೆ, ಅರ್ಧಕ್ಕರ್ಧ ಡಿಎಂಗಳು ಆ ಸಾಲನ್ನೇ ಮರೀತಾರೆ. ಸ್ಪೆಲ್ ಸ್ಲಾಟ್ (ದಿನಕ್ಕೆ ಇಷ್ಟೇ ಮಂತ್ರ ಅನ್ನೋ ಕೋಟಾ) ಖರ್ಚಾಗುತ್ತಲ್ಲ ಅಂತ ಸಮಾಧಾನ ಹೇಳುವವರೂ ಇದ್ದಾರೆ. ಆ ಲೆಕ್ಕ ನಿಲ್ಲಬೇಕಾದರೆ ಆಟದೊಳಗಿನ ಒಂದು ದಿನದಲ್ಲಿ ಆರರಿಂದ ಎಂಟು ಎನ್‌ಕೌಂಟರ್ (ಎದುರಾಗುವ ಕಾದಾಟ) ಇರಬೇಕು, 2014ರ ಪುಸ್ತಕ ಹೇಳಿದ್ದೇ ಹಾಗೆ. ಭಾನುವಾರ ಸಂಜೆ ಕೂತು ಒಂದು ಜಗಳ ಆಡಿ ಏಳುವ ನಮ್ಮಂಥವರ ಟೇಬಲ್‌ನಲ್ಲಿ ಸ್ಲಾಟ್ ಅನ್ನೋದು ಬಿಟ್ಟಿ ಸರಕು.

ಆದರೆ ಕಳ್ಳನನ್ನ ನಿಜವಾಗಿ ಕೊಲ್ಲೋದು ಸ್ಪೆಲ್ ಅಲ್ಲ, ಡಿಎಂ ಕೇಳುವ ರೋಲ್‌ಗಳು. ಮೂರನೇ ಲೆವೆಲ್ ರೋಗ್, ಸ್ಟೆಲ್ತ್ (ಸದ್ದಿಲ್ಲದೆ ನುಸುಳುವ ಸ್ಕಿಲ್) +7. ಕಾವಲುಗಾರರನ್ನ ದಾಟೋಕೆ 13 ಬೇಕು. ಡೈಸ್‌ನಲ್ಲಿ 6 ಅಥವಾ ಹೆಚ್ಚು ಬಿದ್ದರೆ ಆಯ್ತು, ಅಂದರೆ ಶೇ. 75 ಅವಕಾಶ. ಚೆನ್ನಾಗೇ ಇದೆ. ಈಗ ಡಿಎಂ ಅಂಗಳದಲ್ಲಿ ಒಂದು ರೋಲ್ ಕೇಳ್ತಾರೆ. ಮೆಟ್ಟಿಲ ಹತ್ತಿರ ಇನ್ನೊಂದು. ಬಾಗಿಲ ಮುಂದೆ ಮತ್ತೊಂದು. ಮೂರೂ ಗೆಲ್ಲುವ ಅವಕಾಶ ಶೇ. 42. ಅವನ ಹಾಳೆಯಲ್ಲಿ ಒಂದು ಅಂಕಿಯೂ ಬದಲಾಗಿಲ್ಲ, ಆದರೂ ನಿಪುಣ ಹೋಗಿ ಎಡವಟ್ಟು ರಾಯ ಆದ. ಇನ್ವಿಸಿಬಿಲಿಟಿ ಹಾಕಿದವನಿಗೆ ಮೆಟ್ಟಿಲ ಹತ್ತಿರ "ಇನ್ನೂ ಕಾಣಿಸ್ತಿಲ್ಲ ತಾನೇ, ರೋಲ್ ಮಾಡು" ಅಂತ ಯಾರಾದರೂ ಕೇಳಿದ್ದು ನೋಡಿದ್ದೀರಾ?

ಅದಕ್ಕೇ ನಾನು ಡಿಎಂ ಕುರ್ಚಿಯಲ್ಲಿ ಕೂತಾಗ ಇಡೀ ನುಸುಳಾಟಕ್ಕೆ ಒಂದೇ ರೋಲ್. ಬೀಗದ ಮುಂದೆ ಸಮಯ ಇದ್ದು, ಯಾರೂ ಬರುವ ಹಾಗಿಲ್ಲದಿದ್ದರೆ ಅದೂ ಬೇಡ. 3.5ರಲ್ಲಿದ್ದ "ಟೇಕ್ 20" (ಸಮಯ ಇದ್ದರೆ ಡೈಸ್ 20 ಬಿದ್ದ ಹಾಗೇ ಲೆಕ್ಕ) ಇದೇ ಅಲ್ವಾ, ಅದನ್ನ ಯಾಕೆ ಬಿಟ್ಟೆವೋ. ಇನ್ನು ರೋಗ್‌ಗೆ ಸಿಗುವ ರಿಲಯಬಲ್ ಟ್ಯಾಲೆಂಟ್ ಅನ್ನೋ ಶಕ್ತಿ: ಕಲಿತ ಸ್ಕಿಲ್‌ನಲ್ಲಿ ಡೈಸ್ 9 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ 10 ಅಂತಲೇ ಲೆಕ್ಕ. 2014ರಲ್ಲಿ ಇದು 11ನೇ ಲೆವೆಲ್‌ಗೆ ಸಿಗುತ್ತಿತ್ತು, 2024ರ ಪುಸ್ತಕ 7ಕ್ಕೆ ಇಳಿಸಿದೆ. ನಾನಾಗಿದ್ದರೆ 3ಕ್ಕೇ ಕೊಡ್ತೀನಿ. ವಿಝಾರ್ಡ್‌ಗೆ ನಾಕ್ ಸಿಗುವ ದಿನವೇ ಕಳ್ಳನಿಗೂ ಖಾತ್ರಿ ಸಿಗಲಿ.

ಪಾತ್‌ಫೈಂಡರ್ ಅನ್ನೋ ಇದೇ ಥರದ ಆಟದ ಎರಡನೇ ಆವೃತ್ತಿಯವರು ಇನ್ನೂ ಚೆಂದ ಮಾಡಿದ್ದಾರೆ. ಅಲ್ಲಿ ನಾಕ್ ತಾನೇ ಬೀಗ ತೆಗೆಯೋದಿಲ್ಲ, ತೆಗೆಯುವವನಿಗೆ +4 ಕೊಡುತ್ತದೆ. ವಿಝಾರ್ಡ್ ಮಂತ್ರ ಹಾಕ್ತಾನೆ, ರೋಗ್ ತಂತಿ ತೂರಿಸ್ತಾನೆ, ಟೇಬಲ್‌ನಲ್ಲಿ ಇಬ್ಬರಿಗೂ ಖುಷಿ.

ಹಾರಿಸುವ ಫ್ಲೈ ಸ್ಪೆಲ್ ಮಾತ್ರ ನನ್ನ ಯಾವ ಉಪಾಯಕ್ಕೂ ಬಗ್ಗಿಲ್ಲ. ಐದನೇ ಲೆವೆಲ್ ದಾಟಿದ ಮೇಲೆ ನಾನು ಕೋಟೆ ಗೋಡೆಯನ್ನ ಅಡ್ಡಿಯಾಗಿ ಇಡೋದನ್ನೇ ಬಿಟ್ಟಿದ್ದೀನಿ. ನಿಮ್ಮ ಟೇಬಲ್‌ನಲ್ಲಿ ಏನು ಮಾಡ್ತೀರಿ, ಕಾಮೆಂಟ್‌ನಲ್ಲಿ ಹೇಳಿ. "ಫ್ಲೈ ಬ್ಯಾನ್ ಮಾಡಿ" ಅನ್ನೋದೊಂದು ಬಿಟ್ಟು.