ಮುದ್ರಕರು, ಪ್ರಕಾಶಕರು ಮತ್ತು ನಮ್ಮಪ್ಪ

ಸ್ಕೂಲಿನ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಅಂತ ಒಂದೇ ಒಂದು ಗೆರೆ ಇರುತ್ತಿತ್ತು. ನಮ್ಮಪ್ಪನಿಗೆ ಅಷ್ಟು ಜಾಗ ಸಾಲುತ್ತಿರಲಿಲ್ಲ. ಸಂಪಾದಕ, ಮುದ್ರಕ, ಪ್ರಕಾಶಕ, ಮಾಲೀಕ, ನಾಲ್ಕೂ ಅವರೇ. ಈ ಹೆಸರುಗಳನ್ನು ಪ್ರತಿ ಸಂಚಿಕೆಯಲ್ಲೂ ಹಾಕಬೇಕು ಅಂತ 1867ರ ಪ್ರೆಸ್ ಕಾಯ್ದೆ ಹೇಳುತ್ತಿತ್ತು. ಅಂಟು ಕಾಯಿಸುವವರ ಹೆಸರು ಮಾತ್ರ ಕಾಯ್ದೆಗೆ ಬೇಕಿರಲಿಲ್ಲ. ಅದು ಅಮ್ಮ. ಮೈದಾ ಹಿಟ್ಟಿಗೆ ಚೂರು ಮೈಲುತುತ್ತ ಹಾಕಿ ಕುದಿಸಿ, ವಿಳಾಸದ ಚೀಟಿ ಅಂಟಿಸಿ, ಆಮೇಲೆ ಅನ್ನಕ್ಕಿಡುತ್ತಿದ್ದಳು.

ತುಮಕೂರು ಜಿಲ್ಲೆಯ ಪುಟ್ಟ ಊರು, ವಾರಪತ್ರಿಕೆ. ಚಂದಾ ಬದಲು ತೆಂಗಿನಕಾಯಿ ಬರುತ್ತಿತ್ತು. ಚಂದಾದಾರರು ಜಾಸ್ತಿಯಾದದ್ದು ಮನೆಯ ಚಟ್ನಿಯಲ್ಲೇ ಗೊತ್ತಾಗುತ್ತಿತ್ತು. ಪ್ರಕಾಶಕರ ಮಗ ಅಂದರೆ ಬೈಗುಳ ಸ್ವೀಕರಿಸುವ ಶಾಖಾ ಕಚೇರಿ ಇದ್ದಂತೆ. ಅಪ್ಪ ಸಿಗದಿದ್ದರೆ ನಾನು.

ಬೈಗುಳಕ್ಕೆ ಮೂಲ ಬಹಳ ಸಲ ಅಚ್ಚಿನ ಮೊಳೆ. ಒಂದೊಂದೇ ಸೀಸದ ಅಕ್ಷರ ಹೆಕ್ಕಿ ಜೋಡಿಸುವ ಕಾಲ. ಸೊಸೈಟಿ ಚುನಾವಣೆ ಬಂತೆಂದರೆ ‘ಕ್ಷ’ ಇರುವ ಗೂಡು ಖಾಲಿ. ಅಧ್ಯಕ್ಷ, ಉಪಾಧ್ಯಕ್ಷ, ಪಕ್ಷ, ಲಕ್ಷ, ಎಲ್ಲದಕ್ಕೂ ಅದೇ ಬೇಕಲ್ವಾ?

‘ಸಾರ್, ಕ್ಷ ಮುಗೀತು. ಉಪಾಧ್ಯಕ್ಷರನ್ನ ಮುಂದಿನ ವಾರ ಹಾಕೋಣ್ವಾ?’ ಅಂತ ಕಂಪೋಸಿಟರ್ ಒಮ್ಮೆ ಕೇಳಿದ. ಅಪ್ಪ ಹೂಂ ಅಂದರು. ಮಾರನೇ ದಿನ ಉಪಾಧ್ಯಕ್ಷರು ಕೆಂಪಗಾಗಿ ಪ್ರೆಸ್ಸಿಗೇ ಬಂದರು. ಅಪ್ಪ ಕೈ ಹಿಡಿದು ಕರ್ಕೊಂಡು ಹೋಗಿ ಖಾಲಿ ಗೂಡು ತೋರಿಸಿ, ‘ಕ್ಷಮಿಸಿ ಅಂತ ಹಾಕೋಕೂ ಗತಿ ಇಲ್ಲ ಸ್ವಾಮಿ’ ಅಂದರು.

ಫೋಟೊದ್ದು ಇನ್ನೊಂದು ಕಥೆ. ಫೋಟೊ ಅಚ್ಚಾಗಬೇಕಾದರೆ ಅದರ ಲೋಹದ ಪಡಿಯಚ್ಚು, ಅಂದರೆ ಬ್ಲಾಕ್, ಬೆಂಗಳೂರಿನಲ್ಲೇ ಮಾಡಿಸಬೇಕು, ದುಡ್ಡು ಬೇಕು. ಹಾಗಾಗಿ ಊರಿನ ದೊಡ್ಡವರಿಗೆಲ್ಲ ತಲೆಗೊಂದೇ ಬ್ಲಾಕ್. ಸಾಹುಕಾರರೊಬ್ಬರು ನಮ್ಮ ಪತ್ರಿಕೆಯಲ್ಲಿ ವಯಸ್ಸಾಗದೆ, ಗುಂಗುರು ಕೂದಲಿನಲ್ಲೇ ಉಳಿದಿದ್ದರು. ಅವರು ತೀರಿಕೊಂಡಾಗ ಶ್ರದ್ಧಾಂಜಲಿಗೂ ಅದೇ ಬ್ಲಾಕ್. ಅಷ್ಟು ಹೊತ್ತಿಗೆ ಅವರ ಮಗನಿಗೂ ಅದೇ ಗುಂಗುರು ಕೂದಲು, ಅದೇ ಮೀಸೆ. ಪಕ್ಕದ ಹಳ್ಳಿಯವರು ಫೋಟೊ ನೋಡಿ ಹಾರ ಹಿಡಿದು ಓಡಿಬಂದರು. ಬಾಗಿಲು ತೆಗೆದವನು ಮಗನೇ! ಹಾರ ತಂದವರೊಬ್ಬರು ಅದನ್ನು ಬೆನ್ನ ಹಿಂದೆ ಸರಿಸಿ, ‘ಆರಾಮಾ?’ ಅಂದರಂತೆ.

ಬೈಗುಳ ನನ್ನ ಪಾಲಿಗೆ ಬಂತು. ಮುಂದಿನ ವಾರ ಅದೇ ಮಗ ಕೃತಜ್ಞತೆಯ ಜಾಹೀರಾತು ಕೊಡಲು ಬಂದ, ತನ್ನ ಫೋಟೊ ಸಮೇತ. ‘ಹೊಸ ಬ್ಲಾಕ್ ಸುಮ್ನೆ ಖರ್ಚು. ಇರೋದನ್ನೇ ಹಾಕ್ತೀನಿ, ಯಾರಿಗೂ ಗೊತ್ತಾಗಲ್ಲ’ ಅಂದರು ಅಪ್ಪ. ಅವನು ಅರ್ಧ ರೇಟಿಗೆ ಒಪ್ಪಿದ.