ಪೇಟಿಯ ಮೇಲೆ ಬ್ಲೂಯಿ

ಅಪ್ಪನ ಪೇಟಿ ಎರಡು ವರ್ಷದಿಂದ ಮಂಚದ ಕೆಳಗೇ ಇತ್ತು. ಪೇಟಿ ಅಂದರೆ ಹಾರ್ಮೋನಿಯಂ. ನಮ್ಮ ಬೆಳಗಾವಿ ಕಡೆ ಹಾಗೇ ಅನ್ನುತ್ತೇವೆ. ಶ್ರಾವಣ ಬಂತೆಂದರೆ ಅಪ್ಪ ಅದನ್ನು ಹೆಗಲ ಮೇಲೆ ಹೊತ್ತು ಗಲ್ಲಿಯ ಮಾರುತಿ ಗುಡಿಗೆ ಭಜನೆಗೆ ಹೋಗುತ್ತಿದ್ದರು. ಮೊಣಕಾಲು ನೋವು ಜಾಸ್ತಿಯಾದ ಮೇಲೆ ನೆಲದ ಮೇಲೆ ಕೂರಲು ಆಗಲಿಲ್ಲ. ಭಜನೆ ನಿಂತಿತು. ಪೇಟಿಗೆ ಹಳೇ ಚಾದರ ಸುತ್ತಿ ಒಳಗೆ ತಳ್ಳಿದೆವು. ಅದನ್ನು ಮತ್ತೆ ಹೊರಗೆ ಎಳೆಸಿದ್ದು ಒಂದು ನೀಲಿ ನಾಯಿಮರಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರಿಗೆ ಬ್ಲೂಯಿ ಯಾರು ಅಂತ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಇದು ಆಸ್ಟ್ರೇಲಿಯಾದ ಕಾರ್ಟೂನ್. ಬ್ರಿಸ್ಬೇನ್ ಊರಿನ ಸ್ಟುಡಿಯೋದಲ್ಲಿ ತಯಾರಾಗುತ್ತದೆ. 2018ರ ಅಕ್ಟೋಬರ್‌ನಲ್ಲಿ ಅಲ್ಲಿನ ಟಿವಿಯಲ್ಲಿ ಶುರುವಾಯಿತು. ಬ್ಲೂಯಿ, ಅವಳ ತಂಗಿ ಬಿಂಗೋ, ಅಪ್ಪ, ಅವ್ವ, ಇಷ್ಟೇ ಸಂಸಾರ. ಒಂದೊಂದು ಕತೆ ಏಳು ನಿಮಿಷದ್ದು. ಹೊಡೆದಾಟ ಇಲ್ಲ, ಕಿರುಚಾಟ ಇಲ್ಲ. ಮಕ್ಕಳು ಆಡುತ್ತಾರೆ, ಅಪ್ಪ ಅವ್ವ ಅವರ ಜೊತೆ ಆಡುತ್ತಾರೆ. ಮಗಳಿಗೆ ಅಂತ ಹಚ್ಚಿಕೊಟ್ಟು ನಾನೇ ಕೂತು ನೋಡಿದ್ದು ಎಷ್ಟು ಸಲವೋ.

ಅದರ ಶುರುವಿನ ಸಂಗೀತ ಅರ್ಧ ನಿಮಿಷದ ಆಸುಪಾಸು ಇದೆ. ನಾಲ್ವರೂ ಕುಣಿಯುತ್ತಿರುತ್ತಾರೆ. ಸಂಗೀತ ಫಕ್ಕನೆ ನಿಲ್ಲುತ್ತದೆ. ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ. ಒಂದು ಹೆಸರು ಕೂಗಿ ಕೇಳುತ್ತದೆ, ಆ ಹೆಸರಿನವರು ಔಟ್. ಮತ್ತೆ ಸಂಗೀತ ಶುರು. ಚಿಕ್ಕವರಿದ್ದಾಗ ನಾವು ‘ಸ್ಟ್ಯಾಚ್ಯೂ’ ಅಂತ ಆಡುತ್ತಿದ್ದೆವಲ್ಲ, ಅದೇ ಆಟ. ‘ಓವರ್’ ಅನ್ನುವ ತನಕ ಕಣ್ಣು ಮಿಟುಕಿಸದೆ ನಿಲ್ಲಬೇಕಿತ್ತು. ಹಾಗಾಗಿ ಮೊದಲ ಸಲ ಕೇಳಿದಾಗಲೇ ಈ ಸಂಗೀತ ನನಗೆ ಬೇರೆ ದೇಶದ್ದು ಅನ್ನಿಸಲಿಲ್ಲ.

ಮಗಳಿಗೆ ಈಗ ಎಂಟು. ಹೋದ ಬೇಸಿಗೆ ರಜೆಯಲ್ಲಿ ಅವಳನ್ನು ಒಂದು ಸಂಗೀತ ಕ್ಲಾಸಿಗೆ ಹಾಕಿದ್ದೆ. ಯಾವ ಕ್ಲಾಸು ಅಂತ ಹೇಳುವುದಿಲ್ಲ. ಅವರ ಮೇಲೆ ನನಗೆ ಸಿಟ್ಟೂ ಉಳಿದಿಲ್ಲ. ಮೂರನೇ ವಾರ ಇರಬೇಕು. ಅಲಂಕಾರ, ಅಂದರೆ ಸ್ವರಗಳ ಅಭ್ಯಾಸದ ಪಾಠ, ಹೇಳಿಸಿ ಮುಗಿದು, ಬೇರೆ ಮಕ್ಕಳ ಸರದಿ ನಡೆದಿತ್ತು. ಇವಳು ಸುಮ್ನೆ ಕೂತಿದ್ದಾಗ ಬ್ಲೂಯಿ ಧಾಟಿಯ ನಾಲ್ಕು ಸ್ವರ ಹುಡುಕಿ ಹುಡುಕಿ ಒತ್ತಿದ್ದಾಳೆ. ‘ಕಾರ್ಟೂನ್ ಗೀರ್ಟೂನ್ ಎಲ್ಲಾ ಇಲ್ಲಿ ನಡೆಯಂಗಿಲ್ಲ’ ಅಂತ ಕಲಿಸುವವರು ಗದರಿದರಂತೆ. ಉಳಿದ ಮಕ್ಕಳು ನಕ್ಕರಂತೆ. ಮರುದಿನ ಅವಳಿಗೆ ಹೊಟ್ಟೆನೋವು. ಅದರ ಮರುದಿನವೂ ಹೊಟ್ಟೆನೋವು. ನಾನು ಒತ್ತಾಯ ಮಾಡಲಿಲ್ಲ.

ಅಲಂಕಾರ ಬೇಡ ಅಂತ ನಾನು ಹೇಳುತ್ತಿಲ್ಲ. ಸ್ವರಗಳನ್ನು ಹಿಂದೆ ಮುಂದೆ ಮಾಡಿ ನುಡಿಸುವ ಪಲ್ಟಾ ತಿದ್ದದೆ ಬೆರಳು ತಿರುಗುವುದಿಲ್ಲ, ಅದು ನನಗೂ ಗೊತ್ತು. ಆದರೆ ನಾಲ್ಕು ಸ್ವರಗಳನ್ನು ಆ ಹುಡುಗಿ ಯಾರೂ ಹೇಳಿಕೊಡದೆ, ಬರೇ ಕಿವಿಯಿಂದ ಹುಡುಕಿಕೊಂಡಿದ್ದಳು. ಕೇಳಿದ್ದನ್ನು ಕೈಯಲ್ಲಿ ಹಿಡಿಯುವುದು ಸಂಗೀತದ ಮೊದಲ ಕೆಲಸ ಅಲ್ವಾ? ಅದನ್ನು ಮಾಡಿದ್ದಕ್ಕೇ ಬೈಸಿಕೊಂಡಳು. ಇದು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ಕೆಲವು ತಿಂಗಳ ನಂತರ ಆ ಸಂಗೀತ ಮಾಡಿದವರೇ ಅದನ್ನು ಹೇಗೆ ನುಡಿಸಬೇಕು ಅಂತ ಕಲಿಸುವ ವಿಡಿಯೋ ಸಿಕ್ಕಿತು. ಅವರ ಹೆಸರು ಜಾಫ್ ಬುಷ್. ಬ್ಲೂಯಿಯ ಸಂಗೀತದ ಹಿಂದಿರುವ ಮುಖ್ಯ ಮನುಷ್ಯ. ಅವರ ಬ್ಲೂಯಿ ಆಲ್ಬಂ 2021ರಲ್ಲಿ ಆಸ್ಟ್ರೇಲಿಯಾದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು. ಮಕ್ಕಳ ಆಲ್ಬಂ ಒಂದು ಅಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಅಷ್ಟು ದೊಡ್ಡ ಮನುಷ್ಯ ಮಕ್ಕಳಿಗಾಗಿ ತನ್ನ ಧಾಟಿಯನ್ನು ಬಿಡಿಸಿ ಹೇಳುವುದನ್ನು ನೋಡಿ ನನಗೆ ಎದೆ ತುಂಬಿ ಬಂತು. ಮಗಳು ಮಾತ್ರ ಅವರ ಮುಖ ನೋಡಲೇ ಇಲ್ಲ. ಅವಳ ಕಣ್ಣೆಲ್ಲ ಬೆರಳುಗಳ ಮೇಲೆ.

ಆ ಧಾಟಿಯನ್ನು ನುಡಿಸುವ ವಾದ್ಯದ ಹೆಸರು ಮೆಲೋಡಿಕಾ. ಬಾಯಿಂದ ಗಾಳಿ ಊದುತ್ತಾ ಪಿಯಾನೋದಂಥ ಮನೆಗಳನ್ನು, ಅಂದರೆ ಕೀಲಿಗಳನ್ನು, ಒತ್ತುವ ಪುಟ್ಟ ವಾದ್ಯ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಇದರ ಮೇಲೂ ಸಂಗೀತ ಕಲಿಯುತ್ತಾರೆ. ನಮ್ಮ ಮನೆಯಲ್ಲಿ ಅದು ಎಲ್ಲಿಂದ ಬರಬೇಕು? ಅಪ್ಪ ಕುರ್ಚಿಯಲ್ಲಿ ಕೂತು ಮೊಬೈಲಿನಿಂದ ಬರುತ್ತಿದ್ದ ದನಿಯನ್ನು ಕೇಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, ‘ಇದು ಪೇಟಿನೇ ಅಲ್ಲೇನೋ? ಬಾಯಾಗ ಊದತಾನ, ಅಷ್ಟೇ’ ಅಂದರು.

ಅಪ್ಪನ ಮಾತು ಖರೇನೇ ಆಗಿತ್ತು. ಎರಡರ ಒಳಗೂ ತೆಳ್ಳನೆಯ ಲೋಹದ ಪಟ್ಟಿಗಳಿವೆ. ಗಾಳಿ ಹಾಯ್ದಾಗ ಅವು ನಡುಗಿ ಸ್ವರ ಹೊರಡುತ್ತದೆ. ಪೇಟಿಗೆ ಕೈಯಿಂದ ಗಾಳಿ, ಮೆಲೋಡಿಕಾಗೆ ಬಾಯಿಂದ ಗಾಳಿ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಿದ್ದ ಹಾಗೆ.

ಅವತ್ತೇ ಪೇಟಿ ಹೊರಗೆ ಬಂತು. ಜುಲೈ ತಿಂಗಳು. ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ, ಒಣ ಹಾಕಿದ ಬಟ್ಟೆ ನಾಲ್ಕು ದಿನವಾದರೂ ಹಸಿ. ಪೇಟಿಯ ಕಟ್ಟಿಗೆ ಉಬ್ಬಿ ಮೂರು ಮನೆಗಳು ಒತ್ತಿದರೆ ಮೇಲೇಳುತ್ತಲೇ ಇರಲಿಲ್ಲ. ಒಂದು ಸ್ವರಕ್ಕೆ ಕೆಮ್ಮು ಬಂದಂತಿತ್ತು. ಮೇಲಿನ ಹಲಗೆ ಬಿಚ್ಚಿ, ಅರವತ್ತರ ಬಲ್ಬಿನ ಕೆಳಗೆ ಒಂದು ರಾತ್ರಿ ಇಟ್ಟೆವು. ಬೆಳಗ್ಗೆ ಎರಡು ಮನೆ ಎದ್ದವು. ಮೂರನೆಯದನ್ನು ಅಪ್ಪ ಉಗುರಿನಿಂದ ಎತ್ತಿ ಸರಿ ಮಾಡಿದರು. ಆಮೇಲೆ ನನಗೆ ನಾಚಿಕೆಯಾಗುವಂಥ ಒಂದು ಸಂಗತಿ ಆಯಿತು. ಮಗಳು ಪೇಟಿಯನ್ನು ನೆಲದ ಮೇಲೆ ಇಡದೆ ಊಟದ ಟೇಬಲ್ ಮೇಲೆ ಇಡಿಸಿದಳು. ಅಪ್ಪ ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತರು. ಎರಡು ವರ್ಷ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಭಜನೆಯ ಪೇಟಿ ಅಂದರೆ ನೆಲದ ಮೇಲೆಯೇ ಇರಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ಮಗಳ ಎಡಗೈಗೆ ಗಾಳಿ ಹಾಕುವ ಹಲಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಎಡಗೈ ಗಾಳಿ ಹಾಕಿದರೆ ಬಲಗೈ ನಿಲ್ಲುತ್ತಿತ್ತು, ಬಲಗೈ ನುಡಿಸಿದರೆ ಎಡಗೈ ಮರೆಯುತ್ತಿತ್ತು. ಹಾಗಾಗಿ ಗಾಳಿ ಅಜ್ಜನದು, ಬೆರಳು ಮೊಮ್ಮಗಳದು ಅಂತಾಯಿತು. ವಿಡಿಯೋ ಎರಡು ಸೆಕೆಂಡ್ ಓಡಿಸುವುದು, ನಿಲ್ಲಿಸುವುದು, ಹುಡುಕುವುದು. ಬಿಳಿ ಮನೆಯೋ ಕರಿ ಮನೆಯೋ ಅಂತ ಜಗಳ ಆಡುವುದು. ಮತ್ತೆ ಎರಡು ಸೆಕೆಂಡ್. ಸಾಲು ಸಾಲಾಗಿ ನಾಲ್ಕು ದಿನದಲ್ಲಿ ಧಾಟಿ ಕೈಗೆ ಬಂತು.

ಕಷ್ಟ ಬಂದದ್ದು ನಿಲ್ಲಿಸುವ ಜಾಗದಲ್ಲಿ. ಮೆಲೋಡಿಕಾದಲ್ಲಿ ಉಸಿರು ತಡೆದರೆ ದನಿ ಅಲ್ಲೇ ಕಡಿಯುತ್ತದೆ. ಪೇಟಿಯ ಹೊಟ್ಟೆಯಲ್ಲಿ ಗಾಳಿ ತುಂಬಿ ಕೂತಿರುತ್ತದೆ. ಅಜ್ಜ ಕೈ ನಿಲ್ಲಿಸಿದರೂ ಸ್ವರ ಎಳೆಯುತ್ತಲೇ ಇರುತ್ತದೆ. ಬೆರಳನ್ನೇ ಚಟ್ಟನೆ ಎತ್ತಬೇಕು. ಅವಳು ಎತ್ತುತ್ತಿದ್ದಳು. ಆದರೆ ಎತ್ತಿದ ಕೂಡಲೇ ಗಾಬರಿಯಾಗಿ ಮುಂದಿನ ಸಾಲಿಗೆ ಹಾರಿಬಿಡುತ್ತಿದ್ದಳು. ಆ ಖಾಲಿ ಜಾಗದಲ್ಲಿ ನಿಲ್ಲಲು ಅವಳಿಗೆ ಧೈರ್ಯ ಇರಲಿಲ್ಲ.

ಆಗ ಅಪ್ಪ ಅವಳ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ತಾಳ ಹಾಕಿದರು. ‘ಯವ್ವಾ, ಹಾಡ ನಿಂತೈತಿ. ತಾಳ ನಿಂತಿಲ್ಲ. ಅದು ಒಳಗ ನಡದ ಇರ್ತೈತಿ. ಎಣಿಸು’ ಅಂದರು. ತಬಲಾದವರು ಒಂದೇ ತುಣುಕನ್ನು ಮೂರು ಸಲ ಬಾರಿಸಿ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬರುತ್ತಾರಲ್ಲ, ಆ ತಿಹಾಯಿಯ ನಡುವೆ ಬಿಡುವ ಜಾಗಕ್ಕೆ ದಮ್ ಅನ್ನುತ್ತಾರೆ. ದಮ್ ಇದ್ದರೆ ದಮ್‌ದಾರ್, ಇಲ್ಲದಿದ್ದರೆ ಬೇದಮ್. ದಮ್ ಅಂದರೆ ಉಸಿರು. ಇದನ್ನೆಲ್ಲ ಅಪ್ಪ ಅವಳಿಗೆ ಆ ಕಾರ್ಟೂನಿನ ಧಾಟಿಯ ಮೇಲೆಯೇ ಹೇಳಿದರು. ಬ್ರಿಸ್ಬೇನಿನಲ್ಲಿ ಮಾಡಿದ ಸ್ಟ್ಯಾಚ್ಯೂ ಆಟದೊಳಗೆ ನಮ್ಮ ಭಜನೆಯ ಅಜ್ಜನಿಗೆ ದಮ್ ಕಂಡಿತು. ಆ ಸಂಜೆ ನಾನು ಅಡುಗೆಮನೆ ಬಾಗಿಲಿಗೆ ಆತು ನಿಂತವನು ಚಹಾ ತಣ್ಣಗಾಗುವ ತನಕ ಅಲ್ಲೇ ನಿಂತಿದ್ದೆ.

ಬೈದು ಕಳಿಸಿದ್ದರಲ್ಲ, ಅದೇ ಧಾಟಿ ಇವತ್ತು ಅವಳಿಗೆ ಲಯ ಕಲಿಸುತ್ತಿದೆ. ಇದನ್ನು ಹೇಳಬೇಕು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಸಂಗೀತ ಕಲಿಸುವ ನನ್ನ ಊರಿನ ಎಲ್ಲ ಗುರುಗಳಿಗೆ ಕೈಮುಗಿದು ಕೇಳುತ್ತೇನೆ. ಮಗು ತಾನಾಗಿ ಗುನುಗುತ್ತಾ ಬರುವ ಹಾಡನ್ನು ಬಾಗಿಲ ಹೊರಗೆ ಚಪ್ಪಲಿ ಜೊತೆ ಬಿಡಿಸಬೇಡಿ. ಅದು ಕಾರ್ಟೂನಿನದೇ ಇರಲಿ, ಜಾಹೀರಾತಿನದೇ ಇರಲಿ. ವಾರದಲ್ಲಿ ಹತ್ತು ನಿಮಿಷ ಅದಕ್ಕೂ ಕೊಡಿ. ಸಾ ಯಾವುದು, ಎಲ್ಲಿ ನಿಂತಿತು, ತಾಳದ ಎಷ್ಟು ಮಾತ್ರೆ ಅಂತ ಅದರ ಮೇಲೆಯೇ ಕೇಳಿ.

ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಶಿವಪುತ್ರ ಅಂತ ಒಬ್ಬ ಹುಡುಗ ಹುಟ್ಟಿದ. ಇನ್ನೂ ಗುರುವಿನ ಹತ್ತಿರ ಕೂರುವ ಮೊದಲೇ ಗ್ರಾಮೋಫೋನ್ ತಟ್ಟೆಗಳನ್ನು ಕೇಳಿ ದೊಡ್ಡ ಗಾಯಕರು ಹಾಡಿದ್ದನ್ನು ಇದ್ದ ಹಾಗೇ ಹಾಡಿ ತೋರಿಸುತ್ತಿದ್ದ. ಜನ ಬೆರಗಾಗಿ ಕೇಳುತ್ತಿದ್ದರು. ಆಮೇಲೆ ಮುಂಬೈಗೆ ಹೋಗಿ ದೇವಧರ ಮಾಸ್ತರರ ಹತ್ತಿರ ಕಲಿತದ್ದು, ಕುಮಾರ ಗಂಧರ್ವ ಆಗಿ ದೇಶಕ್ಕೆಲ್ಲ ಗೊತ್ತಾದದ್ದು. ಬೆಳಗಾವಿಯಲ್ಲಿ ಅವರ ಹೆಸರಿನ ರಂಗಮಂದಿರವೇ ಇದೆ. ನನ್ನ ಮಗಳು ಅವರಂತಾಗುತ್ತಾಳೆ ಅಂತ ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಯಂತ್ರದಿಂದ ಬಂದ ದನಿಯನ್ನು ಕೇಳಿ ಕೇಳಿ ಹಿಡಿಯುವುದನ್ನು ಈ ಮಣ್ಣಿನವರು ಮೊದಲೇ ಒಪ್ಪಿಕೊಂಡಿದ್ದರು ಅಂತ ಹೇಳುತ್ತಿದ್ದೇನೆ.

ಪೇಟಿಯದೂ ಒಂದು ಕತೆ ಇದೆ. ಅದು ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದ ವಾದ್ಯ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ 1842ರಲ್ಲಿ ಪ್ಯಾರಿಸ್‌ನಲ್ಲಿ ಅದಕ್ಕೆ ಪೇಟೆಂಟ್ ಆದದ್ದು. ಕಾಲಿನಿಂದ ತುಳಿಯುವ ಆ ದೊಡ್ಡ ವಾದ್ಯ ಕೋಲ್ಕತ್ತಾದಲ್ಲಿ ನೆಲದ ಮೇಲೆ ಕೂತು ಕೈಯಿಂದ ಗಾಳಿ ಹಾಕುವ ಪೆಟ್ಟಿಗೆಯಾಯಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿ ನಮ್ಮದಲ್ಲ ಅಂತ ಆಕಾಶವಾಣಿ 1940ರಿಂದ 1971ರ ತನಕ ಅದನ್ನು ಬಾಗಿಲ ಹೊರಗೇ ನಿಲ್ಲಿಸಿತ್ತು. ಅದೇ ಪೇಟಿಯನ್ನು ಹಿಡಿದು ನಮ್ಮ ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆಯವರು 2010ರಲ್ಲಿ ತೀರಿಕೊಳ್ಳುವ ತನಕ ಎಷ್ಟು ಜನರನ್ನು ತಯಾರು ಮಾಡಿದರು! ಇವತ್ತು ಪೇಟಿ ಇಲ್ಲದ ಭಜನೆ ಉಂಟೇ? ಪೇಟಿ ಇಲ್ಲದ ಶ್ರೀಕೃಷ್ಣ ಪಾರಿಜಾತದ ಬಯಲಾಟ ಉಂಟೇ? ಒಂದು ಕಾಲದಲ್ಲಿ ಬೇಡವಾಗಿದ್ದ ವಾದ್ಯದ ಮುಂದೆ ಕೂತು, ಮಗುವಿನ ಧಾಟಿಯನ್ನು ಬೇಡ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು. ಮಾಡಿದವನೇ ಬಿಚ್ಚಿಟ್ಟು ಕಲಿಸುವುದು ಎಷ್ಟು ದೊಡ್ಡದು ಅಂತ ನಮಗೆ ಗೊತ್ತಿರಬೇಕು. ಒಳ್ಳೆಯ ಚೀಜನ್ನು, ಅಂದರೆ ರಾಗದಲ್ಲಿ ಕಟ್ಟಿದ ಹಾಡನ್ನು, ಮನೆಯ ಮಕ್ಕಳಿಗೆ ಬಿಟ್ಟು ಬೇರೆಯವರಿಗೆ ಹೇಳದ ಕಾಲವೂ ನಮ್ಮಲ್ಲಿತ್ತು. ಸಂಗೀತ ಪಂಡಿತ ಭಾತಖಂಡೆಯವರು ಊರೂರು ತಿರುಗಿ, ಉಸ್ತಾದರ ಮುಂದೆ ಕೂತು, ಅಂಥ ಬಂದಿಶ್‌ಗಳನ್ನು ಕೂಡಿಸಿ ಪುಸ್ತಕದಲ್ಲಿ ಅಚ್ಚು ಹಾಕಿಸಿದ ಮೇಲೆ ಎಷ್ಟೋ ಬಾಗಿಲು ತೆರೆದವು. ಈಗ ಎಂಟು ವರ್ಷದ ಹುಡುಗಿ ಬೆಳಗಾವಿಯ ಊಟದ ಟೇಬಲ್ ಮುಂದೆ ಕೂತು ಸಂಗೀತ ಕಟ್ಟಿದವರ ಬೆರಳನ್ನೇ ನೋಡಿ ಕಲಿಯುತ್ತಾಳೆ. ನಮ್ಮ ಕಡೆಯ ಹಾಡು ಕಟ್ಟುವವರೂ ಹೀಗೆ ಮಾಡಿದರೆ ಎಷ್ಟು ಚಂದ! ಮಕ್ಕಳ ಪದ್ಯಕ್ಕೆ ಧಾಟಿ ಹಾಕಿದವರು ಪೇಟಿ ಮುಂದೆ ಕೂತು, ‘ನೋಡ್ರೀ, ಹಿಂಗ ನುಡಿಸ್ರಿ’ ಅಂತ ಐದು ನಿಮಿಷ ತೋರಿಸಿದರೆ ಸಾಕು. ನಾನಂತೂ ನೂರು ಜನರಿಗೆ ಕಳಿಸುತ್ತೇನೆ.

ದಸರಾ ಹೊತ್ತಿಗೆ ಮಗಳಿಗೆ ಮೂವತ್ತೆರಡು ಮನೆಯ ಮೆಲೋಡಿಕಾ ತರಿಸಿಕೊಟ್ಟೆ. ಅಜ್ಜ ಪೇಟಿ, ಮೊಮ್ಮಗಳು ಮೆಲೋಡಿಕಾ ಅಂತ ಕೂತರು. ಒಂದೇ ಸ್ವರ ಹಿಡಿದರೆ ಎರಡರ ನಡುವೆ ವಾಂವ್ ವಾಂವ್ ಅಂತ ಅಲೆ ಏಳುತ್ತಿತ್ತು. ಹಳೇ ಪೇಟಿಯ ಶ್ರುತಿ ಕೂದಲೆಳೆಯಷ್ಟು ಇಳಿದಿತ್ತು. ರಿಪೇರಿ ಮಾಡುವವರ ಹತ್ತಿರ ಒಯ್ದೆವು. ಅವರು ಒಂದೊಂದೇ ಹಿತ್ತಾಳೆ ಪಟ್ಟಿಯ ಕೆಳಗೆ ತೆಳ್ಳನೆಯ ತಗಡು ಸಿಕ್ಕಿಸಿ, ತುದಿಯಲ್ಲಿ ಚೂರೇ ಚೂರು ಕೆರೆದರು. ತುದಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಮಗಳು ಪಕ್ಕದಲ್ಲೇ ನಿಂತು ಮೆಲೋಡಿಕಾ ಊದಿ ಸ್ವರ ಕೊಡುತ್ತಿದ್ದಳು. ಅಲೆ ನಿಧಾನವಾಗುತ್ತಾ ನಿಧಾನವಾಗುತ್ತಾ ನಿಂತುಹೋಯಿತು. ‘ಕೂಡಿತ್ರೀ’ ಅಂತ ಅವಳೇ ಮೊದಲು ಹೇಳಿದಳು. ಅವರು ತಲೆ ಎತ್ತಿ ನೋಡಿ, ಉಳಿದ ಪಟ್ಟಿಗಳಿಗೆಲ್ಲ ಅವಳನ್ನೇ ಕೇಳುತ್ತಾ ಹೋದರು.

ಬ್ಲೂಯಿಯಲ್ಲಿ ಸೈಕಲ್ಲಿನ ಕತೆ ಒಂದಿದೆ. ಸೈಕಲ್ ಬರುತ್ತಿಲ್ಲ ಅಂತ ಬ್ಲೂಯಿ ಸೋತು ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತಿರುತ್ತಾಳೆ. ತಂಗಿ ಬಿಂಗೋ ನಲ್ಲಿಯ ನೀರು ಕುಡಿಯಲು ಎಟುಕದೆ ಮತ್ತೆ ಮತ್ತೆ ಒದ್ದಾಡುವುದನ್ನು ಇಬ್ಬರೂ ನೋಡುತ್ತಾರೆ. ಹಿಂದೆ ಬೀಥೋವನ್‌ನ ಒಂಬತ್ತನೇ ಸಿಂಫನಿಯ ಧಾಟಿ ಮೆಲ್ಲಗೆ ಕಟ್ಟಿಕೊಳ್ಳುತ್ತಾ ಬರುತ್ತದೆ. 1824ರ ಸಂಗೀತ. ಮಗಳು ಅದನ್ನು ಈಗ ಬಚ್ಚಲಲ್ಲಿ ಗುನುಗುತ್ತಾಳೆ. ಯಾರದು ಅಂತ ಕೇಳಿದರೆ ‘ಬಿಂಗೋಂದು’ ಅನ್ನುತ್ತಾಳೆ. ಬೀಥೋವನ್ ಹೆಸರು ಮುಂದೆ ಹೇಳಿದರಾಯಿತು, ಅವಸರ ಏನಿಲ್ಲ.

ನಮ್ಮ ಮನೆಯ ಬ್ಲೂಯಿಯಲ್ಲಿ ಹೆಸರು ಬದಲಾಗಿವೆ. ಸಂಗೀತ ನಿಂತ ಕೂಡಲೇ ‘ಅವ್ವಾ’ ಅಂತ ಕೂಗುತ್ತಾಳೆ, ಆಮೇಲೆ ‘ಅಪ್ಪಾ’, ಆಮೇಲೆ ‘ಅಜ್ಜಾ’. ಅಜ್ಜ ಔಟ್ ಆದ ಮೇಲೂ ಪೇಟಿಗೆ ಗಾಳಿ ಹಾಕುವುದನ್ನು ಬಿಡುವುದಿಲ್ಲ. ಅದಕ್ಕೆ ದಿನಾ ಜಗಳ. ಮೊನ್ನೆಯಿಂದ ಬಿಂಗೋ ನಿದ್ದೆಯ ಕತೆಯಲ್ಲಿ ಬರುವ ಇಂಗ್ಲಿಷ್ ಸಂಗೀತಗಾರ ಹೋಲ್ಸ್ಟ್‌ನ ಧಾಟಿ ಬೇಕು ಅಂತ ಹಟ ಹಿಡಿದಿದ್ದಾಳೆ. ನಿನ್ನೆ ರಾತ್ರಿ ಕೂತೆವು. ಮೊದಲ ಸಾಲೇ ಇನ್ನೂ ಕೂಡಿಲ್ಲ. ಮೂರನೇ ಸ್ವರ ಬಿಳಿ ಮನೆಯದು ಅಂತ ಅಪ್ಪ, ಕರಿ ಮನೆಯದು ಅಂತ ಅವಳು. ಇವತ್ತು ಸಂಜೆ ಮತ್ತೆ ಕೂರುತ್ತೇವೆ.